ಬೆಲ್ಲದ ಹರಕೆ, ಕಬ್ಬಿಣದ ಕಲ್ಲು

ಅತ್ತೆ,

ಕಾಲಿಗೆ ಬಿದ್ದೆ ಅಂತ ಶುರು ಮಾಡಬೇಕೇನೋ. ನೀನಿದ್ದಾಗ ಹಬ್ಬದ ದಿನ ಕಾಲಿಗೆ ಬಿದ್ದರೂ "ಸಾಕು ಏಳಮ್ಮಿ, ಒಲೆ ಮ್ಯಾಲೆ ಹಾಲು ಇಕ್ಕಿವ್ನಿ" ಅನ್ನುತ್ತಿದ್ದವಳು ನೀನು. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಮಾದಪ್ಪನಿಗೆ ನೀನು ಹೊತ್ತ ಹರಕೆ ಏನಾಯಿತು ಅಂತ ತಿಳಿಸುವುದಕ್ಕೆ ಈ ಕಾಗದ. ಆದರೆ ಅದನ್ನು ಹೇಳಬೇಕಾದರೆ ನನ್ನ ಹೊಟ್ಟೆಯ ಬೊಜ್ಜಿನಿಂದ ಶುರು ಮಾಡಬೇಕು. ನಗಬೇಡ. ನಕ್ಕರೂ ನನಗೆ ಕೇಳಿಸುವುದಿಲ್ಲ, ಅದೇ ಬೇಜಾರು.

ಮಾವನಿಗೆ ಲಕ್ವ ಹೊಡೆದು, ಆಸ್ಪತ್ರೆಯಿಂದ ಮನೆಗೆ ತಂದ ದಿನ ನೆನಪಿದೆಯಾ? ನಾಲ್ಕು ಜನ ಗಂಡಸರು ಹೊತ್ತು ತಂದು ಮಂಚದ ಮೇಲೆ ಮಲಗಿಸಿದರು. ನೀನು ಹೊಸಿಲ ಹತ್ತಿರ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ಮಾದಪ್ಪಾ, ಇವ್ರು ನಿನ್ನ ಮುಂದೆ ಎದ್ದು ನಿಂತ್ಕೊಂಬುಟ್ರೆ ಇವ್ರ ತೂಕದಷ್ಟು ಬೆಲ್ಲ ತೂಗ್ತೀನಿ ಕಣಪ್ಪ" ಅಂತ ಕೈ ಮುಗಿದೆ. ಮಂಚದಿಂದ ಮಾವ ಏನೋ ತೊದಲಿದರು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಯಾರಿಗೂ ಅರ್ಥವಾಗಲಿಲ್ಲ. ನೀನು ಬಗ್ಗಿ ಕಿವಿಗೊಟ್ಟು ಕೇಳಿ, ಅಳುತ್ತಿದ್ದವಳು ನಕ್ಕುಬಿಟ್ಟೆ. "ಬಟ್ಟೆ ತೂಕ ಕಳ್ದು ಅಂತ ಹೇಳು" ಅಂದಿದ್ದರಂತೆ. ಗುಂಡ್ಲುಪೇಟೆ ಮಂಡಿಯಲ್ಲಿ ಜೀವಮಾನವೆಲ್ಲ ಈರುಳ್ಳಿ ತೂಗಿದ ಮನುಷ್ಯ. ಬೇರೆಯವರು ಚೀಲಕ್ಕೆ ಇಷ್ಟು ಅಂತ ಅಂದಾಜಿಗೆ ಕಳೆಯುತ್ತಿದ್ದರೆ, ಇವರು ಖಾಲಿ ಚೀಲವನ್ನು ರೈತನ ಕಣ್ಣೆದುರೇ ತಕ್ಕಡಿಗೆ ಹಾಕಿ, ಅದರ ತೂಕವನ್ನಷ್ಟೇ ಕಳೆದು, ಆಮೇಲೆ ಲೆಕ್ಕ ಕೂಗುತ್ತಿದ್ದರು. ದೇವರ ಹತ್ತಿರವೂ ಅದೇ ಕಾನೂನು.

ಆಮೇಲಿನ ಎರಡು ವರ್ಷ ಅವರನ್ನು ಎತ್ತಿ ಕೂರಿಸಿದವಳು, ಮಲಗಿಸಿದವಳು, ಕಮೋಡ್ ಕುರ್ಚಿಗೆ ದಾಟಿಸಿದವಳು ನೀನೊಬ್ಬಳೇ. ನಾನು ನಿನಗಿಂತ ಸಣ್ಣವಳು ಅಂತ ಸುಳ್ಳು ಹೇಳಲಾರೆ, ನಿನ್ನ ಎರಡರಷ್ಟಿದ್ದೆ. ಆದರೂ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಾನು ನಿನ್ನ ಅಣ್ಣನ ಮಗಳೇ ಆಗಿದ್ದರೂ ಆ ಮನುಷ್ಯನಿಗೆ ಸೊಸೆ. ಮಾವನ ಎದುರು ಮಂಚದ ಮೇಲೆ ಕೂರದ ಸೊಸೆ, ಅವರ ತೋಳಿಗೆ ಕೈ ಹಾಕಿ ಎತ್ತುವುದು ಎಲ್ಲಿಯ ಮಾತು? ನಾನು ಬಂದರೆ "ನೀನು ಓಗಮ್ಮಿ, ಮಿಷನ್ ಮ್ಯಾಲೆ ಬ್ಲೌಸ್ ಅಂಗೇ ಅದೆ" ಅನ್ನುತ್ತಿದ್ದೆ. ನಾನು ಹೋಗಿ ಹೊಲಿಗೆ ಮಿಷನ್ ಮುಂದೆ ಕೂರುತ್ತಿದ್ದೆ. ಕೂತೇ ಇರುತ್ತಿದ್ದೆ. ಬೀದಿಯವರ ರವಿಕೆ, ಲಂಗ, ಸ್ಕೂಲ್ ಯೂನಿಫಾರಂ, ಪಕ್ಕದಲ್ಲಿ ಟೀ, ಟೀ ಜೊತೆಗೆ ಅಂಗಡಿ ಬೋಂಡ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಎದೆ ಉರಿ ಅಂದೆ. ಗ್ಯಾಸ್ ಇರಬೇಕು ಅಂತ ನೀನೇ ಓಮದ ಕಾಳು ಅಗಿದೆ. ಆಟೋ ಬಂತು. ಗುಂಡ್ಲುಪೇಟೆ ಆಸ್ಪತ್ರೆಯ ಗೇಟು ಕಾಣಿಸುವಷ್ಟರಲ್ಲಿ, ನನ್ನ ತೊಡೆಯ ಮೇಲೇ ನಿನ್ನ ತಲೆ... ಅದನ್ನು ಬರೆಯುವುದಿಲ್ಲ. ಅದು ನಿನಗೂ ಗೊತ್ತಿರುವ ಸಂಗತಿ. ನಿನಗೆ ಗೊತ್ತಿಲ್ಲದ್ದು ಅದರ ಆಚೆಗಿನದು.

ತಿಥಿ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ನಿನ್ನ ಮಗ ಮತ್ತೆ ಲಾರಿ ಹತ್ತಿದರು. ತರಕಾರಿ ಲೋಡು ಕೇರಳಕ್ಕೆ ಹೋದರೆ ಬರುವುದು ಯಾವತ್ತೋ. ರಾತ್ರಿ ಕಾಡು ರಸ್ತೆ ಬಂದ್, ಹಗಲಲ್ಲಿ ಕ್ಯೂ. ಅವರು ಮನೆಯಲ್ಲಿದ್ದ ದಿನ ಅಪ್ಪನನ್ನು ಎತ್ತುತ್ತಿದ್ದರು, ಇಲ್ಲದ ದಿನ ಪಕ್ಕದ ಮನೆಯವರನ್ನು ಕೂಗುತ್ತಿದ್ದೆ. ಒಂದು ಮಧ್ಯಾಹ್ನ ಮಾವ ಯಾರನ್ನೂ ಕೂಗಿಸಬಾರದು ಅಂತ ತಾವೇ ಕಮೋಡ್ ಕುರ್ಚಿಗೆ ದಾಟಲು ಹೋಗಿ ಮಂಚಕ್ಕೂ ಕುರ್ಚಿಗೂ ನಡುವೆ ಜಾರಿದರು. ನಾನು ಓಡಿ ಹೋಗಿ ಕಂಕುಳಿಗೆ ಕೈ ಹಾಕಿದೆ. "ಬ್ಯಾಡ ಕಣಮ್ಮಿ, ಗಂಡಸ್ರನ್ನ ಕೂಗು" ಅಂದರು. ಗಂಡಸರು ಎಲ್ಲಿ? ಸಣ್ಣ ಈರುಳ್ಳಿ ಕೀಳುವ ಕಾಲ, ಬೀದಿಗೆ ಬೀದಿಯೇ ಹೊಲದಲ್ಲಿ. ಬೇಡ ಅಂದರೂ ಎತ್ತಲು ನೋಡಿದೆ. ಅವರು ಅಲ್ಲಾಡಲಿಲ್ಲ, ನನ್ನ ಸೊಂಟ ಹಿಡಿಯಿತು, ಉಸಿರು ಸಿಗದೆ ನಾನೂ ಪಕ್ಕದಲ್ಲಿ ಕೂತುಬಿಟ್ಟೆ. ಅವರು ಗೋಡೆ ಕಡೆಗೆ ಮುಖ ತಿರುಗಿಸಿಕೊಂಡರು. ಪಂಚೆ ಒದ್ದೆಯಾಗಿತ್ತು. ನಾನು ನೋಡಿದೆ ಅಂತ ಅವರಿಗೆ ತಿಳಿಯಬಾರದು ಅಂತ ಬಾಗಿಲ ಕಡೆ ನೋಡುತ್ತಾ ಕೂತೆ. ಹೊಲದಿಂದ ಜನ ಬರುವವರೆಗೂ ಇಬ್ಬರೂ ಹಾಗೇ ಇದ್ದೆವು.

ಸುದ್ದಿ ತಿಳಿದು ನಿನ್ನ ಮಗಳು ಮಂಜುಳ ಚಾಮರಾಜನಗರದಿಂದ ಬಂದಳು. ನಿನಗೆ ಗೊತ್ತಲ್ಲ, ಅವಳದು ಮಹಡಿ ಮೇಲಿನ ಬಾಡಿಗೆ ಮನೆ. ಗಂಡನಿಗೆ ಬದನಗುಪ್ಪೆ ಫ್ಯಾಕ್ಟರಿಯಲ್ಲಿ ಶಿಫ್ಟು, ಅವಳಿಗೆ ಆಫೀಸು. ಅಪ್ಪನನ್ನು ಕರೆದುಕೊಂಡು ಹೋಗಿ ಆ ಮೆಟ್ಟಿಲು ಹೇಗೆ ಹತ್ತಿಸಬೇಕು? "ಮೈಸೂರ್ನಲ್ಲಿ ಇಂತೋರ್ನ ನೋಡ್ಕೊಳ್ಳೋ ಜಾಗ ಅದಂತೆ ಅತ್ತಿಗೆ. ಹಾಸ್ಗೆ, ಊಟ, ನರ್ಸು ಎಲ್ಲ ಕೊಡ್ತರಂತೆ" ಅಂದಳು. ನಾನು ಬೇಡ ಅಂದೆ. "ನಿನ್ ಕೈಲಿ ಆಯ್ತದಾ? ನಮ್ಮನೆ ಮೆಟ್ಲು ಹತ್ತುದ್ರೇ ಏದುಸಿರು ಬುಡ್ತೀಯ. ಇನ್ನೊಂದಪ ಬಿದ್ದು ಸೊಂಟ ಮುರ್ಕೊಂಡ್ರೆ ಯಾರು ಜವಾಬ್ದಾರಿ? ದೀಪಾವಳಿವರ್ಗೂ ನೋಡನ. ಆಗ್ದಿದ್ರೆ ಕಳ್ಸನ." ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ, ಅಪ್ಪನ ಮೇಲೆ ಪ್ರೀತಿ ಇಲ್ಲದೆ ಆಡಿದ್ದೂ ಅಲ್ಲ. ಆದರೆ ಒಳಗಿನ ಮಂಚದ ಮೇಲೆ ಮಾವ ಎಚ್ಚರವಾಗಿದ್ದರು. ಆವತ್ತು ರಾಗಿ ಮುದ್ದೆ ಮುಟ್ಟಲಿಲ್ಲ.

ಅವಳ ಜೊತೆಗೇ ಚಾಮರಾಜನಗರಕ್ಕೆ ಹೋಗಿ ನಾನೂ ಡಾಕ್ಟರಿಗೆ ತೋರಿಸಿಕೊಂಡೆ. ಸ್ಕ್ಯಾನ್ ನೋಡಿ ಲಿವರ್ ಮೇಲೆ ಕೊಬ್ಬು ಕೂತಿದೆ, ಶುಗರ್ ಬಾರ್ಡರಿನಲ್ಲಿದೆ, ಸೊಂಟದ ಸುತ್ತಳತೆ ಇಳಿಸಬೇಕು ಅಂದರು. "ದಿನಾ ಬೆಳಿಗ್ಗೆ ವಾಕಿಂಗ್ ಮಾಡಿ." ಊರಿಗೆ ಬಂದರೆ ಎಲ್ಲರದೂ ಅದೇ ಮಂತ್ರ: ನಡಿ, ನಡಿ. ಎಲ್ಲಿ ನಡೆಯಲಿ? ಚೆಂಡು ಹೂವಿನ ಹೊಲದಲ್ಲಿ ಚಿರತೆ ಹೆಜ್ಜೆ ಬಿದ್ದಿದೆ, ಕೆರೆ ಏರಿ ಮೇಲೆ ಆನೆ ಲದ್ದಿ. ನಮ್ಮ ಬಾಗಿಲಿಗೆ ಎದುರೇ ಕಾಣುವ ಗೋಪಾಲಸ್ವಾಮಿ ಬೆಟ್ಟಕ್ಕೂ ಕಾಲಲ್ಲಿ ಹತ್ತಲು ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗಿ ಬಸ್ಸಿನಲ್ಲೇ ಬರಬೇಕು. ಬಿಸಿಲೇರಿದ ಮೇಲೆ ಹೋಗೋಣ ಅಂದರೆ ದಿನಾ ಮಾವನನ್ನು ಯಾರಿಗೆ ಒಪ್ಪಿಸಲಿ? ಒಂದು ವಾರ ಮನೆ ಸುತ್ತಲೇ ಸುತ್ತಿದೆ. ಎದುರು ಮನೆ ಸಾಕಮ್ಮ ಜಗಲಿಯಿಂದ ನೋಡಿ ನೋಡಿ, "ಯಾನಮ್ಮಿ, ವಾಲೆ ಬೀಳಿಸ್ಕಂಡ್ಯಾ?" ಅಂತ ತಾನೂ ಹುಡುಕಲು ಬಂದಳು. ಅಲ್ಲಿಗೆ ವಾಕಿಂಗ್ ಮುಗಿಯಿತು.

ಬಿಂದು ಮೊದಲ ಸಲ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ನಾನು ಅಳತೆ ಕೊಡಲು ಬಂದವಳು ಅಂದುಕೊಂಡಿದ್ದೆ. ಫಿಸಿಯೋಥೆರಪಿ ಮಾಡುವವಳು. ವಯನಾಡಿನ ಕಡೆಯವಳು, ಗುಂಡ್ಲುಪೇಟೆಗೆ ಮದುವೆಯಾಗಿ ಬಂದಿದ್ದಾಳೆ. ಅವಳ ಕನ್ನಡದಲ್ಲಿ ಮಲಯಾಳ ಓಡಾಡುತ್ತದೆ, ನನ್ನನ್ನು ಚೇಚಿ ಅನ್ನುತ್ತಾಳೆ, ಅಂದರೆ ಅಕ್ಕ. ವಾರಕ್ಕೊಮ್ಮೆ ಬಂದು ಮಾವನ ಕೈಕಾಲು ಆಡಿಸಿ ಹೋಗಲಿ ಅಂತ ಮಂಜುಳನೇ ಗೊತ್ತು ಮಾಡಿದ್ದಳು. ಬಂದವಳು ಮಾವನಿಗಿಂತ ಮೊದಲು ನನ್ನನ್ನು ನೋಡಿದಳು. "ಇವರನ್ನು ಎತ್ತೋದು ಯಾರು?" ಅಂದಳು. ಮನೆಯಲ್ಲಿದ್ದರೆ ಮಗ, ಇಲ್ಲದಿದ್ದರೆ ಪಕ್ಕದ ಮನೆಯವರು ಅಂದೆ. "ಚೇಚಿ, ನೀವು ಬಗ್ಗಿ ಆ ಬಿಂದಿಗೆ ಎತ್ತಿ, ನೋಡುವಾ." ಎತ್ತಿದೆ. "ಅಯ್ಯೋ, ಬೆನ್ನಲ್ಲಿ ಎತ್ತುತ್ತಾ ಇದ್ದೀರಿ. ಹೀಗೆ ಎತ್ತಿದ್ರೆ ಅಚ್ಚನ ಪಕ್ಕದ ಮಂಚ ನಿಮಗೆ." ಅಚ್ಚ ಅಂದರೆ ಅವರಲ್ಲಿ ಅಪ್ಪ. ಕುಂಡಿಯನ್ನು ಹಿಂದಕ್ಕೆ ತಳ್ಳಿ, ಮಂಡಿ ಸ್ವಲ್ಪ ಮಡಿಸಿ, ಬೆನ್ನು ಹಲಗೆಯಷ್ಟು ನೇರ ಇಟ್ಟು, ಭಾರವನ್ನು ಮೈಗೆ ಹತ್ತಿರ ಹಿಡಿದು, ನೆಲವನ್ನು ಕಾಲಿನಿಂದ ಒತ್ತಿ ಏಳಬೇಕಂತೆ. ನಾನು ವಾಕಿಂಗ್ ಕತೆ ಹೇಳಿದೆ. ಅವಳು ನಕ್ಕಳು. "ವಾಕಿಂಗ್ ಒಳ್ಳೇದೇ. ಆದ್ರೆ ಅದೊಂದೇ ದಾರಿ ಅಂತ ಯಾರು ಹೇಳಿದ್ದು? ಊಟ ಸ್ವಲ್ಪ ಕಮ್ಮಿ ಮಾಡಿ, ಭಾರ ಎತ್ತಿ. ಎತ್ತೋ ದೇಹಕ್ಕೆ ಮಾಂಸ ಬೇಕು, ಅದನ್ನು ಉಳಿಸ್ಕೊಳ್ತದೆ, ಬೊಜ್ಜು ಕರಗಿಸ್ತದೆ. ಮನೇಲಿ ಭಾರದ್ದು ಏನುಂಟು?"

ಮನೆಯಲ್ಲಿ ಭಾರದ್ದು ಏನಿದೆ ಅಂತ ನಿನಗೆ ಹೇಳಬೇಕಾ? ಮಾವನ ಮಂಚದ ಕೆಳಗೆ, ಗೋಣಿ ಹೊದ್ದುಕೊಂಡು ಅವರ ತೂಕದ ಕಲ್ಲುಗಳು. ಮಂಡಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂದ ದಿನ ಮನೆಗೆ ಬಂದವು. ಕಲ್ಲು ಅನ್ನುತ್ತೇವೆ, ಎಲ್ಲ ಕಬ್ಬಿಣ. ಒಂದು ಕೆಜಿಯದರಿಂದ ಹಿಡಿ ಇರುವ ಇಪ್ಪತ್ತು ಕೆಜಿಯದರವರೆಗೆ. ಶುಕ್ರವಾರ ನೀನು ಒರೆಸಿ ಕುಂಕುಮ ಇಡುತ್ತಿದ್ದೆ, ಆಯುಧಪೂಜೆಗೆ ಹೂವು. ನಾನು ಗೋಣಿ ಸರಿಸಿ ಒಂದನ್ನು ಎಳೆದೆನೋ ಇಲ್ಲವೋ ಮಂಚದಿಂದ ಕೂಗು: "ಯಾನಮ್ಮಿ ಅದು! ಲಕ್ಷ್ಮಿ ಕಣಮ್ಮಿ! ಅನ್ನ ಕೊಟ್ಟ ಕಲ್ಲ ಕಾಲತ್ರ ಇಕ್ಕಂಡು ಆಟ ಆಡ್ತೀಯಾ?" ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾಗಿ ಮಾತಾಡಿದ್ದು ಅದೇ ಮೊದಲು. ಬಿಂದು ಖುಷಿಯಾಗಿ ಚಪ್ಪಾಳೆ ತಟ್ಟಿದಳು. ನಾನು ಕಲ್ಲನ್ನು ಅಲ್ಲೇ ಬಿಟ್ಟೆ. ಒಳಗೆ ಹೋಗಿ ತೊಳೆದ ಗೋಣಿಚೀಲ ತಂದು ಹಾಸಿದೆ, ಕಾಲು ತೊಳೆದು ಬಂದೆ, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. "ಆಟ ಅಲ್ಲ ಮಾವ. ನಿಮ್ಮನ್ನ ಮೈಸೂರಿಗೆ ಕಳಿಸಬಾರ್ದು ಅಂತ" ಅಂದೆ. ಅವರು ಕತ್ತು ಹೊರಳಿಸಿ ಕಲ್ಲುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, "ಮೊದ್ಲು ಐದು ಕೆಜಿದು ತಗೋ. ಇಪ್ಪತ್ತಕ್ಕೆ ಕೈ ಇಕ್ಕಬ್ಯಾಡ" ಅಂದರು.

ಮೊದಲ ದಿನಗಳಲ್ಲಿ ನಾನು ಪಟ್ಟ ಪಾಡು ನೋಡಿದ್ದರೆ ನೀನು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದೆ. ಕುರ್ಚಿ ತುದಿಗೆ ಕೂತು ಏಳುವುದು, ಕಲ್ಲು ಎದೆಗೆ ಅವುಚಿಕೊಂಡು ಬಸ್ಕಿ, ಬಾವಿ ಸೇದುವ ಹಾಗೆ ಬಗ್ಗಿ ಕಲ್ಲನ್ನು ಹೊಟ್ಟೆಯ ಕಡೆಗೆ ಎಳೆಯುವುದು, ತಲೆ ಮೇಲಕ್ಕೆ ಎತ್ತುವುದು, ನೆಲದಿಂದ ಎತ್ತಿ ನಿಲ್ಲುವುದು. ಅಷ್ಟೇ. ದಿನ ಬಿಟ್ಟು ದಿನ, ಒಂದು ಬ್ಲೌಸ್ ಹೊಲಿಯುವಷ್ಟು ಹೊತ್ತೂ ಇಲ್ಲ. ಮಾರನೇ ದಿನ ಮಾತ್ರ ಮಿಷನ್ ತುಳಿಯಲು ತೊಡೆ ಒಪ್ಪುತ್ತಿರಲಿಲ್ಲ. ಮಾವ ಮಂಚದಿಂದಲೇ ಎಣಿಸುತ್ತಿದ್ದರು, ಮಂಡಿಯ ಎಣಿಕೆ. ಒಂದು ಅನ್ನುವುದಿಲ್ಲ, "ಲಾಭ" ಅನ್ನುತ್ತಾರೆ. ಲಾಭ, ಎರಡು, ಮೂರು... ಕಳ್ಳತನದಲ್ಲಿ ಅರ್ಧ ಎತ್ತಿದರೆ ಆ ಎಣಿಕೆ ಹಿಡಿಯುತ್ತಿರಲಿಲ್ಲ. "ಮುಳ್ಳು ಮಧ್ಯಕ್ಕೆ ಬಂದಿಲ್ಲ, ತಿರ್ಗಾ ಎತ್ತು." ಐದು ಕೆಜಿ ಹಗುರಾದ ಮೇಲೆ ಹತ್ತು, ಅದೂ ಹಗುರಾದ ಮೇಲೆ ಎರಡು ಕೈಗೂ ಒಂದೊಂದು.

ಊಟದ ಮೇಲೂ ಬಿಂದು ಕೈ ಹಾಕಿದಳು. ನಿನ್ನ ಕೈಯಲ್ಲಿ ತಿಂದು ಬೆಳೆದ ಹೊಟ್ಟೆ ಇದು, ಒಂದು ಮುದ್ದೆ ಇಳಿದ ಮೇಲೆ ಇನ್ನರ್ಧ ತಟ್ಟೆಗೆ ಬೀಳದಿದ್ದರೆ ಊಟವೇ ಆಗಲಿಲ್ಲ ಅಂದುಕೊಳ್ಳುವುದು. ಆ ಇನ್ನರ್ಧ ಹೋಯಿತು. ಟೀಗೆ ಸಕ್ಕರೆ ಹೋಯಿತು, ಬೋಂಡ ಸಂತೆ ದಿನಕ್ಕೆ ಮಾತ್ರ ಉಳಿಯಿತು. ಬದಲಿಗೆ ಹುರುಳಿಕಾಳು, ಮೊಳಕೆ ಕಟ್ಟಿದ ಹೆಸರುಕಾಳು, ಮೊಟ್ಟೆ, ಮೊಸರು. "ಉಪವಾಸ ಇರಬೇಡಿ ಚೇಚಿ, ಹಸಿದವಳು ಕಲ್ಲು ಎತ್ತಲ್ಲ" ಅಂದಿದ್ದಳು. ಹಸಿವಾಗಲಿಲ್ಲ, ಆಸೆಯಾಗುತ್ತಿತ್ತು. ಅವೆರಡಕ್ಕೂ ವ್ಯತ್ಯಾಸ ಇದೆ ಅಂತ ಈ ವಯಸ್ಸಿನಲ್ಲಿ ಗೊತ್ತಾಯಿತು.

ಆಷಾಢದಲ್ಲಿ ಒಂದು ದಿನ ದಾರ ತರಲು ಗುಂಡ್ಲುಪೇಟೆಗೆ ಹೋದವಳು, ಮಾವನ ಹಳೆಯ ಮಂಡಿಗೆ ನುಗ್ಗಿ ತಕ್ಕಡಿ ಮೇಲೆ ನಿಂತುಬಿಟ್ಟೆ. ಮೂರು ತಿಂಗಳು ಬೆವರು ಸುರಿಸಿದ್ದಕ್ಕೆ ಇಳಿದದ್ದು ಎರಡು ಕೆಜಿ ಅತ್ತೆ! ಎರಡೇ! ಹಮಾಲಿಗಳೆಲ್ಲ ನೋಡುತ್ತಿದ್ದರು, ಅಳು ನುಂಗಿಕೊಂಡು ಬಸ್ ಹತ್ತಿದೆ. ಮನೆಗೆ ಬಂದು ಮಾವನ ಮುಂದೆ ಚೀಲ ಬಿಸಾಡಿ, "ಇನ್ನು ನನ್ನ ಕೈಲಾಗಲ್ಲ" ಅಂದೆ. ಅವರು ಅವಸರ ಮಾಡದೆ, ಒಂದೊಂದೇ ಮಾತು ಹುಡುಕಿ ಹೇಳಿದರು. "ಕೊಳ್ತ ಈರುಳ್ಳಿ ನೀರ್ಕುಡ್ಕೊಂಡು ತೂಕ ಬತ್ತದೆ. ಗಟ್ಟಿ ಈರುಳ್ಳಿನೂ ತೂಕ ಬತ್ತದೆ. ತಕ್ಕಡಿಗೆ ಅದೆಲ್ಲ ತಿಳಿಯಕಿಲ್ಲ. ಮಾಲ ಕೈಲಿ ಹಿಡ್ದು ನೋಡ್ಬೇಕು ಕಣಮ್ಮಿ." ಮುಂದಿನ ವಾರ ಬಿಂದು ಬಂದು ಹೇಳಿದ್ದೂ ಅದನ್ನೇ, ಅವಳದು ಸ್ವಲ್ಪ ಉದ್ದ.

ಕೈಯಲ್ಲಿ ಹಿಡಿದು ನೋಡಿದ್ದು ನೀನು ಹೊಲಿದ ಬ್ಲೌಸನ್ನು. ನನ್ನ ಮದುವೆಗೆ ಅಂತ ನೀನೇ ಹೊಲಿದ ಆ ಹಸಿರು ಬ್ಲೌಸು. "ಇವಳು ಊದಿಕೊಳ್ಳೋ ಜಾತಿ" ಅಂತ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು ಹೊಲಿದಿದ್ದೆಯಲ್ಲ. ಹಬ್ಬಕ್ಕೊಂದು ಸಲ ಒಂದು ಹೊಲಿಗೆ ಬಿಚ್ಚಿ ಕೊಡುತ್ತಿದ್ದೆ, ಏನೂ ಅನ್ನುತ್ತಿರಲಿಲ್ಲ, ಹಲ್ಲಲ್ಲಿ ದಾರ ಕಡಿಯುತ್ತಾ ಒಂದು ನೋಟ ನೋಡುತ್ತಿದ್ದೆ ಅಷ್ಟೇ. ಆ ಬಿಚ್ಚಿದ ಹೊಲಿಗೆಗಳ ಸೂಜಿ ತೂತು ಇನ್ನೂ ಸಾಲಾಗಿ ಇವೆ. ಅದನ್ನು ತೊಟ್ಟು ನೋಡಿದರೆ ಸೊಂಟದ ಹತ್ತಿರ ಸಡಿಲ. ನಿನ್ನ ಹಳೆಯ ತೂತಿನ ಮೇಲೇ ಮಿಷನ್ ಓಡಿಸಿ ಒಂದು ಗೆರೆ ಒಳಗೆ ಹಿಡಿದೆ. ಗೌರಿ ಹಬ್ಬಕ್ಕೆ ಇನ್ನೊಂದು ಗೆರೆ. ದಸರೆಗೆ ಮತ್ತೊಂದು. ನೀನು ಬಿಚ್ಚಿಕೊಂಡು ಬಂದ ದಾರಿಯಲ್ಲೇ ನಾನು ವಾಪಸ್ ಹೋದೆ. ತಮಾಷೆ ಗೊತ್ತಾ? ತೋಳಿನ ಹತ್ತಿರ ಮಾತ್ರ ಬಿಚ್ಚಬೇಕಾಯಿತು. ತೋಳು ದಪ್ಪವಾಗಿದೆ, ಆದರೆ ಅಲ್ಲಾಡುವುದಿಲ್ಲ. ಡಾಕ್ಟರೂ ಮತ್ತೆ ಸ್ಕ್ಯಾನ್ ನೋಡಿ ಲಿವರ್ ಕೊಬ್ಬು ಇಳಿದಿದೆ, ಶುಗರ್ ಸರಿಯಾಗಿದೆ ಅಂದರು. "ಎಷ್ಟು ದೂರ ನಡೀತೀರಿ?" ಅಂದರು. "ಮಂಚದಿಂದ ಮಿಷನ್‌ಗೆ" ಅಂದೆ. ನಾನು ಬೇಕಂತಲೇ ಹಾಗೆ ಹೇಳಿದೆ ಅಂದುಕೊಂಡಿರಬೇಕು.

ಇಪ್ಪತ್ತು ಕೆಜಿ ಕಲ್ಲನ್ನು ಎರಡು ಕೈಗೂ ಹಿಡಿದು ನಿಂತ ದಿನ, ಇನ್ನು ಮಾವನನ್ನು ಎತ್ತಬಲ್ಲೆ ಅಂತ ನನಗೆ ಗೊತ್ತಾಯಿತು. ಮಾವ ಒಪ್ಪಬೇಕಲ್ಲ? ಕೈ ಚಾಚಿದರೆ ಅದೇ ಮಾತು: "ಬ್ಯಾಡ ಕಣಮ್ಮಿ." ಬಿಂದು ರೇಗಿದಳು, "ಅಚ್ಚಾ, ಸೊಸೆ ಅಂದ್ರೆ ಮಗಳಲ್ಲವಾ?" ಅಂದಳು. ಅವರು ಗೋಡೆ ಕಡೆ ತಿರುಗಿದರು. ಅವರ ಮರ್ಯಾದೆ ಅವರದು, ಅದನ್ನು ಗದರಿಸಿ ಬಿಡಿಸುವುದು ನನಗೆ ಬೇಕಿರಲಿಲ್ಲ. ಆಸ್ಪತ್ರೆಗಳಲ್ಲಿ ರೋಗಿಯ ಸೊಂಟಕ್ಕೆ ಒಂದು ಅಗಲವಾದ ಬೆಲ್ಟ್ ಕಟ್ಟಿ, ಅದರ ಹಿಡಿ ಹಿಡಿದು ಎತ್ತುತ್ತಾರೆ ಅಂತ ಬಿಂದು ಹೇಳಿದಳು. ಮೈ ಮುಟ್ಟಬೇಕಾಗಿಲ್ಲ. ಹೊಲಿಯುವವಳಿಗೆ ಅದೇನು ಮಹಾ? ನಿನ್ನ ಮಗನ ಹತ್ತಿರ ಲಾರಿ ಟಾರ್ಪಾಲಿನ ಗಟ್ಟಿ ತುಂಡು ಕೇಳಿ ತೆಗೆದುಕೊಂಡೆ, ಎರಡು ಪದರ ಹಾಕಿದೆ, ಪಕ್ಕಕ್ಕೆ ಹಿಡಿ ಕೂರಿಸಿದೆ. ಟಾರ್ಪಾಲು ಒರಟು, ಅವರ ಚರ್ಮ ತೆಳ್ಳಗಾಗಿದೆ. ಮೇಲೆ ಮೆತ್ತಗಿನ ಬಟ್ಟೆ ಬೇಕಿತ್ತು. ನಿನ್ನ ಟ್ರಂಕು ತೆಗೆದೆ.

ಕುಂಕುಮ ಬಣ್ಣದ, ಹಸಿರಂಚಿನ ಆ ನೂಲಿನ ಸೀರೆ. ಒಗೆದು ಒಗೆದು ಮೆತ್ತಗಾಗಿ, ನೀನು ಹೊಲಕ್ಕೂ ಮನೆಗೂ ಉಟ್ಟಿದ್ದು. ಕತ್ತರಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಕೊನೆಗೆ ಕತ್ತರಿಸಿ, ಅಂಚು ಮೇಲೆ ಬರುವ ಹಾಗೆ ಹೊಲಿದೆ. ಬೆಳಿಗ್ಗೆ ಮಾವನ ಮುಂದೆ ಹಿಡಿದಾಗ ಅವರು ಆಡುವ ಕೈಯಿಂದ ಅದನ್ನು ಸವರಿದರು, ಅಂಚಿನ ಮೇಲೆ ಬೆರಳು ನಿಂತಿತು. "ಅವಳ್ದಾ?" ಅಂದರು. "ಹೂಂ ಮಾವ." ಎರಡು ಕೈಯನ್ನೂ ಮೇಲಕ್ಕೆ ಎತ್ತಲು ನೋಡಿದರು, ಒಂದೇ ಬಂತು. ಕಟ್ಟಿಸಿಕೊಂಡರು. ನಾನು ಕುಂಡಿ ಹಿಂದಕ್ಕೆ ತಳ್ಳಿ, ಬೆನ್ನು ನೇರ ಮಾಡಿ, ಹಿಡಿ ಹಿಡಿದು, ನೆಲ ಒತ್ತಿ ಎದ್ದೆ. ಅವರೂ ಎದ್ದರು. ತಿರುಗಿಸಿ ಕುರ್ಚಿಗೆ ಕೂರಿಸಿದೆ. ಕುರ್ಚಿಯ ಕೈ ಹಿಡಿದುಕೊಂಡು ಅವರು "ಲಾಭ" ಅಂದರು.

ಅವತ್ತಿಂದ ಅವರಿಗೂ ಹುಚ್ಚು ಹತ್ತಿತು. ಒಂದು ಕೆಜಿ ಕಲ್ಲನ್ನು ಬಿದ್ದ ಕೈಗೆ ಕಟ್ಟಿಸಿಕೊಂಡು ಎತ್ತುವುದು, ಬೆಲ್ಟ್ ಹಿಡಿಸಿಕೊಂಡು ಮಂಚದ ತುದಿಯಿಂದ ಏಳುವುದು, ಕೂರುವುದು. ಮೊದಮೊದಲು ಭಾರವೆಲ್ಲ ನನ್ನ ಕೈಗೇ ಬರುತ್ತಿತ್ತು. ಬರಬರುತ್ತಾ ಹಿಡಿ ಹಗುರವಾಯಿತು. ದೀಪಾವಳಿಗೆ ಮಂಜುಳ ಬಂದಳು. ಬೆಲ್ಟ್ ನೋಡಿದ ತಕ್ಷಣ "ಅವ್ವನ ಸೀರೆ ಕತ್ತರಿಸ್ಬುಟ್ಯಾ ಅತ್ತಿಗೆ!" ಅಂತ ಜಗಳಕ್ಕೇ ನಿಂತಳು. ನಾನು ಮಾವನನ್ನು ಎಬ್ಬಿಸಿ, ನಡುಮನೆಗೆ ತಂದು, ಅವಳ ಎದುರಿನ ಕುರ್ಚಿಯಲ್ಲಿ ಕೂರಿಸಿದೆ. ನನಗೆ ಏದುಸಿರು ಬರಲಿಲ್ಲ. ಅವಳು ಬೆಲ್ಟಿನ ಅಂಚು ಹಿಡಿದುಕೊಂಡು ಅತ್ತಳು. ಮೈಸೂರಿನ ಮಾತು ಎತ್ತಲಿಲ್ಲ. ಮಾವನೇ ಎತ್ತಿದರು: "ಬಾಡ್ಗೆ ಮನೆ ಬದ್ಲಾಯ್ಸು, ಕೆಳಗ್ಳ ಮನೆ ಮಾಡು. ನಾನು ಬಂದು ನಾಕು ದಿನ ಇರ್ತೀನಿ."

ಕಾರ್ತಿಕದ ಕಡೇ ಸೋಮವಾರ ಮಾದಪ್ಪನ ಗುಡಿ ಮುಂದಿನ ತೊಲೆಗೆ ಮಂಡಿಯಿಂದ ತಂದ ಹಳೆಯ ದೊಡ್ಡ ತಕ್ಕಡಿ ಕಟ್ಟಿದರು. ನಿನ್ನ ಮಗ ಲೋಡು ಬಿಟ್ಟು ಬಂದಿದ್ದರು. ನಿನ್ನ ಹರಕೆಯ ಮಾತು ನೆನಪಿದೆಯಲ್ಲ, ದೇವರ ಮುಂದೆ ಎದ್ದು ನಿಂತರೆ ಅಂತ. ಕೂತ ಮನುಷ್ಯನನ್ನು ತೂಗಿದರೆ ಅದು ಹರಕೆ ತೀರಿದ ಹಾಗಲ್ಲ. ನಾನು ಹಿಂದೆ ನಿಂತು ಹಿಡಿ ಹಿಡಿದೆ. ನನ್ನ ತೋಳು, ತೊಡೆ, ಬೆನ್ನು ಎಲ್ಲ ಸಿದ್ಧವಾಗಿದ್ದವು. ಇಷ್ಟು ತಿಂಗಳು ಇದಕ್ಕೇ ಅಲ್ಲವಾ? ಮಾವ ಕುರ್ಚಿ ತುದಿಗೆ ಜರುಗಿದರು, ಮುಂದಕ್ಕೆ ಬಾಗಿದರು, "ಲಾಭ" ಅಂದರು. ನಾನು ನೆಲ ಒತ್ತಿದೆ. ಕೈಗೆ ಭಾರವೇ ಬರಲಿಲ್ಲ ಅತ್ತೆ. ಹಿಡಿ ನನ್ನ ಬೆರಳಲ್ಲಿ ಸುಮ್ಮನೆ ಇತ್ತು. ಅವರು ಅವರಾಗಿಯೇ ಎದ್ದು ನಿಂತಿದ್ದರು. ಎಡಗಾಲು ಗಡಗಡ ನಡುಗುತ್ತಿತ್ತು, ಬಾಯಲ್ಲಿ ಯಾರಿಗೋ ಬೈಗುಳ. ಪೂಜಾರಿ ಅವಸರದಲ್ಲಿ ಮಂಗಳಾರತಿ ಎತ್ತಿದ. ಆರತಿ ಮುಗಿಯುವವರೆಗೂ ನಿಂತಿದ್ದರು.

ಆಮೇಲೆ ತಟ್ಟೆಗೆ ಕೂರಿಸಿದೆವು. ಕೂರುವ ಮೊದಲು ಅಂಗಿ ಬಿಚ್ಚಿಸಿದರು, ಹೆಗಲ ವಲ್ಲಿ ತೆಗೆಸಿದರು. "ಬಟ್ಟೆ ತೂಕ ಸೇರ್ಬಾರ್ದು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ಮಂಡಿಯಲ್ಲಿ ಕೂಗಿದ ಹಾಗೆ. ಜನ ನಕ್ಕರು. ಅಚ್ಚು ಬೆಲ್ಲ ಒಂದೊಂದಾಗಿ ಆಚೆ ತಟ್ಟೆಗೆ ಬಿತ್ತು. ಮುಳ್ಳು ಮಧ್ಯಕ್ಕೆ ಬರುವ ಹೊತ್ತಿಗೆ ಪೂಜಾರಿ ಬೆಲ್ಟ್ ನೋಡಿ, "ಅದೂ ಬಿಚ್ಬುಡಿ ಯಜಮಾನ್ರೆ, ಅದ್ರ ತೂಕನೂ ಸೇರ್ತದೆ" ಅಂದ. ನಾನು ಗಂಟಿಗೆ ಕೈ ಹಾಕಿದೆ. ಮಾವ ನನ್ನ ಕೈ ಹಿಡಿದುಕೊಂಡರು. ಹದಿನೆಂಟು ವರ್ಷ ಅದೇ ಮನೆಯಲ್ಲಿದ್ದರೂ ಅವರು ನನ್ನ ಕೈ ಮುಟ್ಟಿದ್ದು ಅದೇ ಮೊದಲು. "ಇರ್ಲಿ ಬುಡು" ಅಂದರು. ಆಮೇಲೆ ಪೂಜಾರಿ ಕಡೆ ತಿರುಗಿ, "ಅದು ಚೀಲ ಅಲ್ಲ ಕಣಯ್ಯ, ಮಾಲು. ತೂಗು" ಅಂದರು.

ಅದಕ್ಕೆ ಇನ್ನೊಂದು ಅಚ್ಚು ಬೆಲ್ಲ ಇಡಬೇಕಾಯಿತು ಅತ್ತೆ. ಪ್ರಸಾದ ಹಂಚುವಾಗ ಆ ಅಚ್ಚನ್ನು ಯಾರಿಗೂ ಕೊಡಲು ಬಿಡಲಿಲ್ಲ, ಮನೆಗೆ ತಂದು ನಿನ್ನ ಫೋಟೋ ಮುಂದೆ ಇಟ್ಟಿದ್ದೇನೆ. ಇರುವೆ ಹತ್ತದಿರಲಿ ಅಂತ ಸುತ್ತ ಅರಿಶಿನ ಹಾಕಿದ್ದೇನೆ. ಬೆಲ್ಟ್ ಸವೆದರೆ ಇನ್ನೊಂದು ಹೊಲಿಯುತ್ತೇನೆ, ಟ್ರಂಕಿನಲ್ಲಿ ನಿನ್ನ ಸೀರೆಗಳು ಇನ್ನೂ ಇವೆ. ಅವರನ್ನು ನೆಲಕ್ಕೆ ಬೀಳಲು ಬಿಡುವುದಿಲ್ಲ. ಇನ್ನು ಏಳುತ್ತೇನೆ, ಇವತ್ತು ಕಲ್ಲು ಎತ್ತುವ ದಿನ. ಮಾವ ಆಗಲೇ ಒಳಗಿನಿಂದ "ಲಾಭ" ಅನ್ನುತ್ತಿದ್ದಾರೆ, ನಾನಿನ್ನೂ ಕಾಲೇ ತೊಳೆದಿಲ್ಲ.

ನಿನ್ನ ಸೊಸೆ,
ಗೌರಿ